ಸೈಕಲ್ ಟ್ರೈನರ್ ನಿಲ್ಸಿದ್ಮೇಲೆ ಅರ್ಧ ಗಂಟೆ ಅಲ್ಲಿಂದ ಏಳ್ಬೇಡಿ

ಕೊಡಗಿನ ಶಾಂತಳ್ಳಿ ಕಡೆ ಮಳೆಗಾಲ ಅಂದ್ರೆ ಏನು ಅಂತ ನಮ್ಮೂರವ್ರಿಗೆ ಹೇಳೋದೇ ಬೇಡ, ಜೂನಲ್ಲಿ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ಸೈಕಲ್ ಹೊರಗೆ ತೆಗೆಯೋ ಮಾತೇ ಇಲ್ಲ. ರಸ್ತೆ ಮೇಲೆ ಪಾಚಿ, ತಿರುವಲ್ಲಿ ಮಣ್ಣು ಜರಿದು ಬಂದಿರುತ್ತೆ, ಮಂಜಲ್ಲಿ ಎದುರಿಂದ ಬರೋ ಜೀಪು ಹತ್ರ ಬಂದ್ಮೇಲೇ ಕಾಣೋದು. ಅದಕ್ಕೇ ಎರಡು ವರ್ಷದ ಹಿಂದೆ ಒಂದು ಇಂಡೋರ್ ಟ್ರೈನರ್ ತಗೊಂಡೆ, ಹಿಂದಿನ ಚಕ್ರಾನ ಸ್ಟ್ಯಾಂಡಿಗೆ ಬಿಗಿದು ರೋಲರ್ ಮೇಲೆ ಒತ್ತಿ ಕೂರಿಸಿ ತುಳಿಯೋ ಥರದ್ದು. ಮಗ ಹುಟ್ಟಿದ್ಮೇಲೆ ನಂಗೆ ಅಂತ ಉಳಿದಿರೋದು ಬೆಳಿಗ್ಗೆಯ ಆ ಮುಕ್ಕಾಲು ಗಂಟೆ ಒಂದೇ, ಅದನ್ನ ಬಿಡೋಕೆ ನಂಗೆ ಮನಸ್ಸಿಲ್ಲ, ಇವತ್ತೂ ಇಲ್ಲ. ಆದ್ರೆ ಕಳೆದ ಜುಲೈಯಲ್ಲಿ ಆಗಿದ್ದನ್ನ ಬರೀಲೇಬೇಕು ಅನ್ನಿಸ್ತಿದೆ, ಯಾಕಂದ್ರೆ ಟ್ರೈನರ್ ತಗೋಬೇಕಾದ್ರೆ ನಾನು ಸದ್ದು ಎಷ್ಟು ಬರುತ್ತೆ, ಟೈರ್ ಎಷ್ಟು ಸವೆಯುತ್ತೆ ಅಂತ ಎಲ್ಲಾ ಕೇಳಿದ್ದೆ, ಬಿಸಿ ಬಗ್ಗೆ ಕೇಳ್ಬೇಕು ಅಂತ ಹೊಳೀಲೇ ಇಲ್ಲ.

ಮಳೆಗಾಲದಲ್ಲಿ ನಮ್ಮನೇಲಿ ಎಲ್ಲಿ ಸ್ವಲ್ಪ ಕಾವು ಇದ್ಯೋ ಅಲ್ಲಿ ಬಟ್ಟೆ ಇರುತ್ತೆ. ಹಂಡೆ ಒಲೆ ಮೇಲಿನ ಹಗ್ಗ, ಕೆಂಡದ ಮೇಲೆ ಬೋರಲು ಹಾಕಿದ ಬೆತ್ತದ ಬುಟ್ಟಿ, ಫ್ರಿಜ್ಜಿನ ಹಿಂದೆ, ಎಲ್ಲಾ ಕಡೆ. ಅವತ್ತು ನಾನು ತುಳಿದು ಮುಗಿಸಿ ಸ್ನಾನಕ್ಕೆ ಹೋದೆ. ಅತ್ತೆ ಬಂದು ನೋಡಿದ್ದಾರೆ, ಯೂನಿಟ್ಟಿಂದ, ಅಂದ್ರೆ ರೋಲರಿಗೆ ಸೇರಿರೋ, ತುಳಿಯೋಕೆ ತಡೆ ಕೊಡೋ ಡಬ್ಬಿಯಿಂದ, ಬೆಚ್ಚಗೆ ಬರ್ತಿದೆ, ಪಾಪ ಒಣಗ್ಲಿ ಅಂತ ಮಗುವಿನ ಸಾಕ್ಸು ಅದರ ಪಕ್ಕದ ಸ್ಟ್ಯಾಂಡಿನ ಕಾಲಿನ ಮೇಲೆ ಹಾಕಿದ್ದಾರೆ. ಎರಡೂವರೆ ವರ್ಷದವನಿಗೆ ತನ್ನ ಸಾಕ್ಸು ಅಲ್ಲಿ ಕಂಡ್ರೆ ಬಿಡ್ತಾನಾ, ಎಳೆಯೋಕೆ ಹೋಗಿ ಇನ್ನೊಂದು ಕೈಯನ್ನ ನೇರ ಯೂನಿಟ್ ಮೇಲೆ ಊರಿದ್ದಾನೆ. ಆ ಕಿರುಚು ಬಚ್ಚಲಿಗೆ ಕೇಳ್ಸಿದ್ದು ಇನ್ನೂ ಕಿವೀಲಿದೆ.

ಎರಡು ಬೆರಳಿನ ತುದಿ, ಅಂಗೈ ಸ್ವಲ್ಪ. ಕೆಂಪಾಗಿ ಆಮೇಲೆ ಸಣ್ಣ ಬೊಬ್ಬೆ ಎದ್ದಿತ್ತು. ಅತ್ತೆ ಅಳ್ತಾನೇ ಟೂತ್‌ಪೇಸ್ಟ್ ತರೋಕೆ ಓಡಿದ್ರು, ನಾನು "ಬೇಡ ಅತ್ತೆ, ಏನೂ ಹಚ್ಬೇಡಿ, ಮೊದ್ಲು ನೀರು" ಅಂತ ಅವನನ್ನ ಎತ್ಕೊಂಡು ನಲ್ಲಿ ಕೆಳಗೆ ಕೈ ಹಿಡಿದೆ. ಕೈಗೆ ಹಾಕಿದ್ದ ಕರಿಮಣಿ ಬಳೆಯನ್ನ ತಕ್ಷಣ ಬಿಚ್ಚಿದೆ, ಕೈ ಊದಿಕೊಂಡ್ಮೇಲೆ ಅದು ಬರಲ್ಲ. ಸಣ್ಣಗೆ ಹರಿಯೋ ತಣ್ಣೀರಲ್ಲಿ 20 ನಿಮಿಷ, ಅಷ್ಟು ಹೊತ್ತು ಹಿಡಿಯೋದು ಸುಲಭ ಇಲ್ಲ, ಅವನು ಕೊಸರಾಡ್ತಾನೆ, ನಮ್ಮ ಅಬ್ಬಿ ನೀರು ಬೇರೆ ಕೊರೆಯುತ್ತೆ, ಅದಕ್ಕೆ ಅವನ ಮೈಗೆಲ್ಲಾ ಕಂಬಳಿ ಸುತ್ತಿ ಕೈ ಮಾತ್ರ ಹೊರಗೆ ಬಿಟ್ಟು ಹಿಡ್ಕೊಂಡಿದ್ದೆ. ಐಸ್ ಇಡ್ಬಾರ್ದು, ಅದು ಸುಟ್ಟ ಚರ್ಮಕ್ಕೆ ಇನ್ನಷ್ಟು ಏಟು. ಪೇಸ್ಟು, ಅರಿಶಿನ, ಎಣ್ಣೆ ಯಾವುದೂ ಬೇಡ, ಬೊಬ್ಬೆ ಒಡೀಬೇಡಿ. ಶುಚಿಯಾದ ಬಟ್ಟೆ ಸಡಿಲವಾಗಿ ಮುಚ್ಚಿ ಸೋಮವಾರಪೇಟೆಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ವಿ. ಅಂಗೈ ಸುಟ್ಟಿದೆ ಅಂದ್ರೆ ಸಣ್ಣದು ಅನ್ನಿಸಿದ್ರೂ ತೋರಿಸ್ಲೇಬೇಕು, ಮಕ್ಕಳ ಚರ್ಮ ತೆಳು, ಒಳಗೆ ಎಷ್ಟು ಹೋಗಿದೆ ಅಂತ ನಮಗೆ ಗೊತ್ತಾಗಲ್ಲ. ಗುರುತು ಉಳಿದಿಲ್ಲ, ದೇವರ ದಯೆ.

ಅಷ್ಟು ಬಿಸಿ ಎಲ್ಲಿಂದ ಬಂತು ಅಂತ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ರಸ್ತೇಲಾದ್ರೆ ನಾವು ತುಳಿದಿದ್ದು ಗಾಳಿಯನ್ನ ಸೀಳೋಕೆ, ಏರು ಹತ್ತೋಕೆ ಹೋಗುತ್ತೆ. ಮನೆ ಒಳಗೆ ಸೈಕಲ್ ಎಲ್ಲೂ ಹೋಗಲ್ಲ, ತುಳಿದಿದ್ರಲ್ಲಿ ಬಹುಪಾಲು ಬಿಸಿಯಾಗಿ ಆ ಒಂದು ಡಬ್ಬಿ ಒಳಗೇ ಸೇರುತ್ತೆ. 150 ವ್ಯಾಟಲ್ಲಿ 45 ನಿಮಿಷ ತುಳಿದ್ರೆ 405 ಕಿಲೋಜೂಲ್, ಅಂದ್ರೆ ಒಂದು ಲೀಟರಿಗಿಂತ ಜಾಸ್ತಿ ತಣ್ಣೀರು ಕುದಿ ಬರೋವಷ್ಟು. ಫ್ಲೂಯಿಡ್ ಟ್ರೈನರಾದ್ರೆ ಒಳಗಿರೋ ಎಣ್ಣೆ ಕಡೆದು ಬಿಸಿಯಾಗುತ್ತೆ, ಮ್ಯಾಗ್ನೆಟ್ಟಿಂದಾದ್ರೆ ಅಯಸ್ಕಾಂತದ ಹತ್ರ ತಿರುಗೋ ಲೋಹದಲ್ಲೇ ಕರೆಂಟ್ ಹುಟ್ಟಿ ಬಿಸಿಯಾಗುತ್ತೆ. ಬೈಕ್ ಎಂಜಿನ್ ಮೇಲೆ ಇರೋ ಥರ ರೆಕ್ಕೆ ರೆಕ್ಕೆ ಮಾಡಿರೋದು ಚಂದಕ್ಕಲ್ಲ, ಆ ಬಿಸಿ ಹೊರಗೆ ಹೋಗ್ಲಿ ಅಂತ. 60 ಡಿಗ್ರಿ ದಾಟಿದ ಲೋಹ ಮುಟ್ಟಿದ್ರೆ ಸುಡೋಕೆ ಕೆಲವೇ ಸೆಕೆಂಡು ಸಾಕು, ಪುಟ್ಟ ಮಗು ಗಾಬರಿಗೆ ಕೈ ತೆಗೆಯೋದೂ ನಿಧಾನ.

ನನ್ನ ಮಗ ಹಂಡೆ ಒಲೆ ಹತ್ರ ಹೋಗಲ್ಲ. ಕೆಂಡ ಕಾಣುತ್ತೆ, ಹೊಗೆ ಬರುತ್ತೆ, "ಬಿಸಿ, ಉಫ್" ಅಂತ ಅಜ್ಜಿ ದಿನಾ ಹೇಳ್ತಾರೆ. ಅವರಪ್ಪನ ಬೈಕ್ ಸೈಲೆನ್ಸರ್ ಮುಟ್ಬಾರ್ದು ಅಂತಾನೂ ಗೊತ್ತು. ಈ ಕಪ್ಪು ಡಬ್ಬಿ ಮಾತ್ರ ತಣ್ಣಗಿದ್ದಾಗ ಹೇಗಿರುತ್ತೋ ಸುಡ್ತಿರುವಾಗಲೂ ಹಾಗೇ ಕಾಣುತ್ತೆ. ಮತ್ತೆ ತುಳಿಯುವಾಗ ನಾವು ಅಲ್ಲೇ ಇರ್ತೀವಿ, ಫ್ಯಾನ್ ಓಡ್ತಿರುತ್ತೆ, ಮಗು ಹತ್ರ ಬಂದ್ರೆ ಗದರಿಸ್ತೀವಿ. ಇಳಿದ ತಕ್ಷಣ ಫ್ಯಾನ್ ಆಫ್, ನಾವು ಬಚ್ಚಲಿಗೆ, ಯೂನಿಟ್ ಮಾತ್ರ ಅದರ ಪೂರ್ತಿ ಬಿಸಿಯಲ್ಲಿ ಒಂಟಿಯಾಗಿ ನಿಂತಿರುತ್ತೆ. ನಾನು ಎಡವಿದ್ದು ಅಲ್ಲೇ.

ಈಗ ಸೈಕಲ್ ಹಾಲಿಂದ ಕಾಫಿ ಮೂಟೆ ಇಡೋ ರೂಮಿಗೆ ಹೋಗಿದೆ, ಬಾಗಿಲಿಗೆ ಒಳಗೂ ಹೊರಗೂ ಮೇಲ್ಗಡೆ ಚಿಲಕ. ನಾನು ತುಳಿಯೋ ಹೊತ್ತಲ್ಲಿ ಅವನು ಅತ್ತೆ ಹತ್ರಾನೋ ನಮ್ಮ ಮನೆಯವ್ರ ಹತ್ರಾನೋ ಇರ್ಬೇಕು, ಯಾರೂ ಇಲ್ಲ ಅಂದ್ರೆ ಅವತ್ತು ತುಳಿಯೋದಿಲ್ಲ. ಕೊನೆ ಹತ್ತು ನಿಮಿಷ ಹಗುರವಾಗಿ ತುಳೀತೀನಿ, ಇಳಿದ್ಮೇಲೆ ಫ್ಯಾನನ್ನ ಯೂನಿಟ್ ಕಡೆ ತಿರುಗಿಸ್ತೀನಿ. ಬಟ್ಟೆ ಅದರ ಹತ್ರ ಇಡೋದು ಪೂರ್ತಿ ಬಂದ್.

ಚಕ್ರದ ಬಗ್ಗೆನೂ ಹೇಳ್ಬೇಕು, ಬಿಸಿಗಿಂತ ಅದು ಕೆಟ್ಟದ್ದು ಮಾಡ್ಬಹುದು. ನಾವು ತುಳಿಯೋದು ನಿಲ್ಸಿದ್ರೂ ಫ್ಲೈವೀಲ್, ಅಂದ್ರೆ ಯೂನಿಟ್ಟಿನ ಭಾರದ ಗಾಲಿ, ಸ್ವಲ್ಪ ಹೊತ್ತು ತಿರುಗ್ತಾನೇ ಇರುತ್ತೆ, ಅದಕ್ಕೆ ಇಳಿಯೋ ಮುಂಚೆ ಬ್ರೇಕ್ ಹಿಡಿದು ಪೂರ್ತಿ ನಿಲ್ಸಿ. ಆಮೇಲೆ ಹಿಂದಿನ ಬ್ರೇಕ್ ಲಿವರನ್ನ ಹ್ಯಾಂಡಲಿಗೆ ಒಂದು ಪಟ್ಟಿ ಹಾಕಿ ಬಿಗಿದಿಟ್ರೆ ಚಕ್ರ ತಿರುಗಲ್ಲ. ಅಷ್ಟೇ ಸಾಕು ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಪೆಡಲನ್ನ ಹಿಂದಕ್ಕೆ ತಿರುಗಿಸಿದ್ರೆ ಚಕ್ರ ನಿಂತಿದ್ರೂ ಚೈನ್ ಓಡುತ್ತೆ, ಮಗು ಒಂದು ಕೈಲಿ ಪೆಡಲ್ ತಿರುಗಿಸ್ತಾ ಇನ್ನೊಂದು ಕೈ ಚೈನಿಗೆ ಇಟ್ರೆ ಬೆರಳು ನೇರ ಚೈನ್ ಚಕ್ರದ ಹಲ್ಲಿನ ಒಳಗೆ. ಹಾಗಾಗಿ ಪೆಡಲಿನ ಕಾಲನ್ನೂ ಫ್ರೇಮಿಗೆ ಕಟ್ಟಿ. ಹಿಂದಿನ ಚಕ್ರ ಬಿಚ್ಚಿ ಕೂರಿಸೋ ಟ್ರೈನರ್ ಆದ್ರೆ ಬ್ರೇಕ್ ಕಟ್ಟೋದ್ರಿಂದ ಪ್ರಯೋಜನ ಇಲ್ಲ, ಅಲ್ಲಿ ಪೆಡಲ್ ಕಟ್ಟೋದು ಮತ್ತೆ ಬಾಗಿಲು ಹಾಕೋದು ಎರಡೇ ದಾರಿ. ಕಿವಿಗೆ ಇಯರ್‌ಫೋನ್ ಎರಡೂ ಹಾಕ್ಬೇಡಿ, ಒಂದು ಕಿವಿ ಮನೆ ಕಡೆ ಇರ್ಲಿ.

ಅತ್ತೆ ಇನ್ನೂ ಸಾಕ್ಸಿನ ಮಾತು ಬಂದ್ರೆ ಕಣ್ಣೀರು ಹಾಕ್ತಾರೆ. ಅವರದ್ದೇನೂ ತಪ್ಪಿಲ್ಲ, ಅದು ಸುಡುತ್ತೆ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ಈಗ ದಿನಾ ಕಾಫೀನ ಆ ರೂಮಲ್ಲೇ ಯೂನಿಟ್ ಪಕ್ಕ ಕೂತು ಕುಡೀತೀನಿ, ಹಿಂಗೈ ಹತ್ರ ಹಿಡಿದು ನೋಡ್ತಾ ಇರ್ತೀನಿ, ಆರೋಕೆ ಹೆಚ್ಚುಕಮ್ಮಿ ಅರ್ಧ ಗಂಟೆ ಹಿಡಿಯುತ್ತೆ. ಹೊರಗೆ ಬಾಗಿಲು ಬಡಿಯೋ ಸದ್ದು. "ಅಮ್ಮಾ, ಉಫ್ ಹೋಯ್ತಾ?"

ಇನ್ನೂ ಇಲ್ಲ ಕಂದಾ, ಸ್ವಲ್ಪ ಇರು.