ಗೊತ್ತಿರುವ ಪಾತ್ರಗಳ ಗೊತ್ತಿಲ್ಲದ ಗಳಿಗೆಗಳು

ಬೇರೊಬ್ಬರ ಕೃತಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಹೊಸ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅದನ್ನು ಬರೆಯುವವರಿಗೆ ಸಿಗುವಂಥ ಓದುಗರು ಬೇರೆ ಕಥೆಗಾರರಿಗೆ ಸಿಗುವುದು ಅಪರೂಪ. ಪಾತ್ರಗಳ ಹೆಸರು, ಸ್ವಭಾವ, ಅವರ ಹಳೆಯ ಗಾಯಗಳು, ಯಾರ ಮುಂದೆ ಯಾರು ಮಾತು ನುಂಗಿಕೊಳ್ಳುತ್ತಾರೆ ಎಂಬುದು, ಇವೆಲ್ಲ ಆ ಓದುಗರಿಗೆ ಮೊದಲೇ ಬಾಯಿಪಾಠ. ಹಾಗಾಗಿ ಪಾತ್ರವನ್ನು ಪರಿಚಯಿಸುವ, ಅವರ ಲೋಕವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಕೊಡುವ, ಮುಂದೇನಾಗುತ್ತದೋ ಎಂಬ ಕುತೂಹಲವೊಂದರಿಂದಲೇ ಓದುಗರನ್ನು ಹಿಡಿದಿಡುವ ಮಾಮೂಲಿ ಉಪಾಯಗಳು ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಆದರೂ ಅದೇ ಎರಡು ಪಾತ್ರಗಳ ಕುರಿತು ಲೆಕ್ಕವಿಲ್ಲದಷ್ಟು ಕಥೆಗಳನ್ನು ಓದಿದವರು ಮತ್ತೊಂದನ್ನು ತೆರೆದು ಕೂರುತ್ತಾರೆ. ಅವರು ಏನನ್ನು ಹುಡುಕುತ್ತಾರೆ? ಇಂಥ ಕಥೆಗಳನ್ನು ಬಹುಕಾಲದಿಂದ ಪ್ರೀತಿಯಿಂದ ಓದುತ್ತ ಬಂದಿರುವ ನನಗೆ ತೋರಿದ ಉತ್ತರ ಇದು: ಮೂಲಕೃತಿಯನ್ನು ತಮಗಿಂತಲೂ ಹೆಚ್ಚು ಎಚ್ಚರದಿಂದ ಓದಿರುವ ಒಬ್ಬ ಬರಹಗಾರರನ್ನು ಅವರು ಹುಡುಕುತ್ತಾರೆ. ಓದುಗರು ಮೆಚ್ಚುವ ಉಳಿದ ಗುಣಗಳಲ್ಲಿ ಹೆಚ್ಚಿನವು ಆ ಎಚ್ಚರದಿಂದಲೇ ಹುಟ್ಟುತ್ತವೆ.

ಅದು ಮೊದಲು ಕಾಣಿಸುವುದು ಪಾತ್ರಗಳ ಮಾತಿನಲ್ಲಿ. ಪಾತ್ರದ ಧ್ವನಿ ಸರಿಯಾಗಿ ಸಿಕ್ಕಿದ್ದರೆ, ಯಾರು ಮಾತಾಡುತ್ತಿದ್ದಾರೆಂದು ಲೇಖಕರು ಹೇಳದಿದ್ದರೂ ಓದುಗರ ಕಿವಿಗೆ ಅದು ಗೊತ್ತಾಗುತ್ತದೆ. ಮೂಲದಲ್ಲಿ ಪಾತ್ರ ಪದೇಪದೇ ಬಳಸುವ ಒಂದು ಮಾತನ್ನು ತಂದು ಪ್ರತಿ ಪುಟದಲ್ಲೂ ತುರುಕಿದರೆ ಧ್ವನಿ ಬರುವುದಿಲ್ಲ, ಅದು ಅಣಕವಾಗುತ್ತದೆ. ಆ ಮನುಷ್ಯ ಯಾವಾಗ ಮಾತು ತಪ್ಪಿಸುತ್ತಾನೆ, ಸಿಟ್ಟು ಬಂದಾಗ ವಾಕ್ಯಗಳು ಉದ್ದವಾಗುತ್ತವೆಯೋ ಮೊಟಕಾಗುತ್ತವೆಯೋ, ಕ್ಷಮೆ ಕೇಳಬೇಕಾದ ಹೊತ್ತಿನಲ್ಲಿ ಬಾಯಿಗೆ ಬರುವುದೇನು ಎಂಬುದನ್ನೆಲ್ಲ ಗಮನಿಸಿದವರಿಗಷ್ಟೇ ಧ್ವನಿ ಒಲಿಯುತ್ತದೆ.

ಒಂದು ಕಲ್ಪಿತ ಮೂಲಕಥೆಯನ್ನು ತೆಗೆದುಕೊಂಡು ಇದನ್ನು ಹತ್ತಿರದಿಂದ ನೋಡೋಣ. ಯುದ್ಧನೌಕೆಯೊಂದರಲ್ಲಿ ವಯಸ್ಸಾದ ವೈದ್ಯರೊಬ್ಬರಿದ್ದಾರೆ. ಅವರು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲರನ್ನೂ ಹುದ್ದೆಯಿಂದಲೇ ಕರೆಯುತ್ತಾರೆ. ಅವರಿಗೆ ಮಗನಂತಿರುವ ಒಬ್ಬ ಕಿರಿಯ ಲೆಫ್ಟಿನೆಂಟ್ ಇದ್ದಾನೆ. ವೈದ್ಯರ ಮಮತೆಯನ್ನು ತೋರಿಸಬೇಕೆಂದು ಹೊರಟ ಸಾಧಾರಣ ಫ್ಯಾನ್ ಫಿಕ್ಷನ್, ಆತ ಜ್ವರದಿಂದ ಮಲಗಿದ ರಾತ್ರಿ ಮುದುಕ ಮೊದಲ ಬಾರಿ ಅವನ ಹೆಸರು ಕರೆದು ಕಣ್ಣೀರಿಟ್ಟರು ಎಂದು ಬರೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಪಾತ್ರವನ್ನು ಬಲ್ಲ ಲೇಖಕರು ಬೇರೊಂದು ದಾರಿ ಹಿಡಿಯುತ್ತಾರೆ: ಆ ಯುವಕನ ಹುದ್ದೆಯನ್ನು ಸೇನೆ ಕಿತ್ತುಕೊಂಡಿದೆ, ನೌಕೆಯಲ್ಲಿ ಯಾರೂ ಅವನ ಕಡೆ ತಿರುಗಿ ನೋಡುತ್ತಿಲ್ಲ. ವೈದ್ಯರು ಬಟ್ಟಲು ಹಿಡಿದು ಬಂದು, “ಔಷಧ ಕುಡಿಯಿರಿ, ಲೆಫ್ಟಿನೆಂಟ್” ಎನ್ನುತ್ತಾರೆ. “ನಾನೀಗ ಲೆಫ್ಟಿನೆಂಟ್ ಅಲ್ಲ, ಡಾಕ್ಟರ್.” “ಜ್ವರ ಇಳಿಯಲಿ, ಆಮೇಲೆ ವಾದ ಮಾಡೋಣ, ಲೆಫ್ಟಿನೆಂಟ್.” ಇಲ್ಲಿ ವೈದ್ಯರು ತಮ್ಮ ಅಭ್ಯಾಸವನ್ನು ಒಂದಿನಿತೂ ಬಿಟ್ಟುಕೊಟ್ಟಿಲ್ಲ, ಆದರೆ ಆ ಅಭ್ಯಾಸಕ್ಕೇ ಹಿಂದೆಂದೂ ಇಲ್ಲದ ಅರ್ಥ ಬಂದಿದೆ. ಇಂಥ ಜಾಗಕ್ಕೆ ಬಂದಾಗ ಓದುಗರು ಓದುವುದನ್ನು ಒಂದು ಕ್ಷಣ ನಿಲ್ಲಿಸುತ್ತಾರೆ. ‘ಹೌದು, ಅವರು ಹೀಗೆಯೇ ಹೇಳುತ್ತಿದ್ದರು’ ಎಂಬ ಗುರುತು ಹಿಡಿದ ಸಂತೋಷವೂ, ‘ಇದು ನನಗೆ ಹೊಳೆದಿರಲಿಲ್ಲವಲ್ಲ’ ಎಂಬ ಬೆರಗೂ ಅಲ್ಲಿ ಒಟ್ಟಿಗೇ ಆಗುತ್ತವೆ, ಮತ್ತು ಈ ಎರಡನ್ನೂ ಒಟ್ಟಿಗೆ ಕೊಡುವ ಬರವಣಿಗೆಯನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಹಾಗೆಂದು ಪಾತ್ರ ಬದಲಾಗಲೇಬಾರದು ಎಂದಲ್ಲ. ಓದುಗರು ‘ಔಟ್ ಆಫ್ ಕ್ಯಾರೆಕ್ಟರ್’, ಅಂದರೆ ಇದು ಆ ಪಾತ್ರದ ಸ್ವಭಾವವಲ್ಲ ಎಂದು ದೂರುವುದು ಪಾತ್ರ ಬದಲಾದಾಗ ಅಲ್ಲ, ಬದಲಾವಣೆಯ ದಾರಿಯನ್ನು ಲೇಖಕರು ಅರ್ಧಕ್ಕೇ ಹಾರಿ ದಾಟಿದಾಗ. ಮೂರು ಸಂಪುಟಗಳುದ್ದಕ್ಕೂ ಯಾರನ್ನೂ ನಂಬದ ಹೆಣ್ಣೊಬ್ಬಳು ಎರಡನೆಯ ಅಧ್ಯಾಯದಲ್ಲೇ ಅಪರಿಚಿತನ ಮುಂದೆ ತನ್ನ ಬಾಲ್ಯವನ್ನೆಲ್ಲ ಬಿಚ್ಚಿಟ್ಟರೆ ಕಥೆ ಅಲ್ಲಿಗೇ ಕುಸಿಯುತ್ತದೆ. ಅದೇ ಹೆಣ್ಣು ಇಪ್ಪತ್ತು ಅಧ್ಯಾಯಗಳ ನಂತರ, ಬಾಗಿಲಿಗೆ ಬೆನ್ನು ಮಾಡಿ ಕುಳಿತು ಊಟ ಮಾಡುವಷ್ಟು ನಿರಾಳವಾಗಿದ್ದಾಳೆಂದು ಒಂದೇ ಸಾಲಿನಲ್ಲಿ ಸೂಚಿಸಿದರೂ ಓದುಗರ ಮನಸ್ಸು ತುಂಬುತ್ತದೆ.

ಇನ್ನೊಂದು ಸುಖ ಮೂಲಕೃತಿ ಬಿಟ್ಟುಹೋದ ಜಾಗಗಳಿಂದ ಬರುವಂಥದ್ದು. ಈ ಬಗೆಯ ಬರವಣಿಗೆ ಒಂದು ಕಿರುತೆರೆ ಧಾರಾವಾಹಿಯ ಸುತ್ತ ಅಷ್ಟು ಸೊಂಪಾಗಿ ಬೆಳೆದದ್ದು ಆಕಸ್ಮಿಕವಲ್ಲವೆಂದು ನನಗೆ ಅನ್ನಿಸುತ್ತದೆ. ‘ಸ್ಟಾರ್ ಟ್ರೆಕ್’ ಅಮೆರಿಕದಲ್ಲಿ ಪ್ರಸಾರವಾಗಲು ಆರಂಭಿಸಿದ್ದು 1966ರಲ್ಲಿ; ಮರುವರ್ಷವೇ, ಅಂದರೆ 1967ರಲ್ಲಿ, ಅದರ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಅಭಿಮಾನಿಗಳ ಪತ್ರಿಕೆ, ಅಂದರೆ ಫ್ಯಾನ್‌ಜೀನ್ ಹೊರತಂದರು. ಆ ಕಾಲದ ಧಾರಾವಾಹಿಗಳಲ್ಲಿ ಪ್ರತಿ ಕಂತೂ ಬಹುಮಟ್ಟಿಗೆ ಸ್ವತಂತ್ರ ಕಥೆ. ಈ ವಾರ ಸಾವಿನ ಬಾಯಿಂದ ಪಾರಾಗಿ ಬಂದವನು, ಆಪ್ತರನ್ನು ಕಳೆದುಕೊಂಡವನು, ಮುಂದಿನ ವಾರ ಏನೂ ಆಗದವನಂತೆ ತನ್ನ ಕುರ್ಚಿಯಲ್ಲಿ ಕುಳಿತಿರುತ್ತಿದ್ದ. ಆ ಎರಡು ವಾರಗಳ ನಡುವೆ ಅವನು ನಿದ್ದೆ ಮಾಡಿದನೇ? ಯಾರಾದರೂ ಅವನ ಕೋಣೆಯ ಬಾಗಿಲು ತಟ್ಟಿದರೇ? ಈ ಪ್ರಶ್ನೆಗಳನ್ನು ಧಾರಾವಾಹಿ ಕೇಳಿಕೊಳ್ಳಲಿಲ್ಲ, ಅಭಿಮಾನಿಗಳು ಕೇಳಿಕೊಂಡರು. ಮೂಲ ತೋರಿಸದ ದೃಶ್ಯವನ್ನು ಬರೆಯುವ ‘ಮಿಸ್ಸಿಂಗ್ ಸೀನ್’ ಎನ್ನುವ ಬಗೆಯಾಗಲಿ, ಒಬ್ಬರು ನೊಂದಾಗ ಇನ್ನೊಬ್ಬರು ಪಕ್ಕದಲ್ಲಿ ಕೂರುವ ‘ಹರ್ಟ್-ಕಂಫರ್ಟ್’ ಎನ್ನುವ ಬಗೆಯಾಗಲಿ, ಇವತ್ತಿಗೂ ಜನಪ್ರಿಯವಾಗಿರುವುದಕ್ಕೆ ಕಾರಣ ಇದೇ ಎಂದು ನನ್ನ ನಂಬಿಕೆ. ಸಾಹಸದ ಕಥೆಗಳಿಗೆ ಘಟನೆಯ ನಂತರದ ಸಮಯ ಬೇಡವಾಗಿರುತ್ತದೆ. ಓದುಗರಿಗೆ ಅದೇ ಬೇಕಾಗಿರುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುವ ಒಂದು ದೃಶ್ಯವನ್ನು ನಾಲ್ಕು ಸಾವಿರ ಪದಗಳಲ್ಲಿ ಬರೆದರೂ, ಆ ಇಬ್ಬರ ನಡುವೆ ಏನೋ ಒಂದು ಸರಿದಾಡುತ್ತಿರುವವರೆಗೆ, ಯಾರಿಗೂ ಅದು ಉದ್ದವೆನ್ನಿಸುವುದಿಲ್ಲ. ಇಂಥದ್ದೊಂದು ಒಳ್ಳೆಯ ಕಥೆಯನ್ನು ಓದಿದವರು ಮೂಲಕ್ಕೆ ಮರಳಿದಾಗ, ಹಿಂದೆ ಸಾಮಾನ್ಯವಾಗಿ ಕಂಡ ಒಂದು ನೋಟ ಅಥವಾ ಒಂದು ಮೌನ ಈಗ ಭಾರವಾಗಿ ಕಾಣಿಸುತ್ತದೆ.

ಓದುಗರು ಎಲ್ಲಕ್ಕಿಂತ ಹೆಚ್ಚು ಬಾಯಿ ತುಂಬ ಹೊಗಳುವುದು ಬಹುಶಃ ‘ಸ್ಲೋ ಬರ್ನ್’ ಕಥೆಗಳನ್ನು. ಇಬ್ಬರು ಹತ್ತಿರವಾಗಲು ಒಂದು ಲಕ್ಷ ಪದ ತೆಗೆದುಕೊಳ್ಳುವ ಕಥೆಗಳೂ ಇವುಗಳಲ್ಲಿವೆ. ವಿಚಿತ್ರವೆಂದರೆ, ಕೊನೆಗೆ ಅವರು ಒಂದಾಗುತ್ತಾರೆಂಬುದು ಓದುಗರಿಗೆ ಮೊದಲ ಸಾಲಿಗೂ ಮುಂಚೆಯೇ ತಿಳಿದಿರುತ್ತದೆ, ಏಕೆಂದರೆ ಕಥೆಯ ತಲೆಯ ಮೇಲೆ ಅದರ ವಿಷಯ ಸೂಚಿಸುವ ಟ್ಯಾಗುಗಳು ಅದನ್ನು ಹೇಳಿಬಿಟ್ಟಿರುತ್ತವೆ. 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಂತರ್ಜಾಲದ ಕಥಾಭಂಡಾರದಲ್ಲಿ ಬರಹಗಾರರು ತಮಗಿಷ್ಟವಾದ ಪದಗಳಲ್ಲೇ ಟ್ಯಾಗ್ ಹಾಕಬಹುದು. ಒಂದೇ ಅರ್ಥದ ಬೇರೆಬೇರೆ ಟ್ಯಾಗುಗಳನ್ನು ಸ್ವಯಂಸೇವಕರು ಕೂತು ಒಂದಕ್ಕೊಂದು ಜೋಡಿಸುತ್ತಾರೆ. ಆ ಭಂಡಾರಕ್ಕೆ 2019ರಲ್ಲಿ ವಿಜ್ಞಾನ ಕಥಾಲೋಕದ ಹೆಸರಾಂತ ಹ್ಯೂಗೋ ಪ್ರಶಸ್ತಿ ಬಂದಾಗ ನನಗಾದ ಸಂತೋಷದಲ್ಲಿ ಈ ಟ್ಯಾಗ್ ಜೋಡಿಸುವವರ ಪಾಲು ದೊಡ್ಡದಿತ್ತು. ಕಥೆಯ ಗುಟ್ಟನ್ನು ಮುಂಚೆಯೇ ಹೇಳಿಬಿಟ್ಟರೆ ರುಚಿ ಕೆಡುತ್ತದೆ ಎನ್ನುವವರಿಗೆ ಈ ಏರ್ಪಾಡು ಅರ್ಥವಾಗುವುದು ಕಷ್ಟ. ಆದರೆ ಕೊನೆ ಗೊತ್ತಿದ್ದಾಗ ಓದುಗರ ಗಮನ ‘ಏನು’ ಎಂಬುದನ್ನು ಬಿಟ್ಟು ‘ಹೇಗೆ’ ಎಂಬುದರ ಮೇಲೆ ಪೂರ್ತಿಯಾಗಿ ನೆಲೆಸುತ್ತದೆ, ಮತ್ತು ನೋವಿನ ಅಧ್ಯಾಯಗಳಲ್ಲೂ ಲೇಖಕರ ಕೈ ಹಿಡಿದು ನಡೆಯುವ ಧೈರ್ಯ ಅವರಿಗೆ ಬರುತ್ತದೆ.

ಆದರೆ ತಡವೊಂದೇ ಸ್ಲೋ ಬರ್ನ್ ಆಗುವುದಿಲ್ಲ. ಒಂದು ಮಾತು ಆಡಿದ್ದರೆ ಮುಗಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಹದಿನೈದು ಅಧ್ಯಾಯ ಎಳೆದರೆ ಓದುಗರಿಗೆ ರೇಗುತ್ತದೆ, ಅದು ನ್ಯಾಯವೂ ಹೌದು. ಅಡ್ಡಿ ಆ ಇಬ್ಬರ ಸ್ವಭಾವದಿಂದಲೇ ಹುಟ್ಟಿರಬೇಕು: ಒಬ್ಬನಿಗೆ ತಾನು ಬೇಡದವನೆಂಬ ಹಳೆಯ ನಂಬಿಕೆ ಇದ್ದರೆ, ಇನ್ನೊಬ್ಬಳಿಗೆ ಮಾತು ಕೊಟ್ಟರೆ ತಪ್ಪಲಾಗದೆಂಬ ಭಯವಿದ್ದರೆ, ಅವರು ಕಾಯುವುದು ಸಹಜವೆನ್ನಿಸುತ್ತದೆ. ಜೊತೆಗೆ ಪ್ರತಿ ಅಧ್ಯಾಯದಲ್ಲೂ ಏನಾದರೊಂದು ಹಿಂದಕ್ಕೆ ಹೋಗಲಾಗದಂತೆ ಬದಲಾಗಬೇಕು. ಮೊದಲು ಅವಳು ಅವನ ಪುಸ್ತಕವನ್ನು ಕೇಳಿ ಪಡೆಯುತ್ತಾಳೆ. ಆಮೇಲೆ ಕೇಳದೆ ತೆಗೆದುಕೊಳ್ಳುತ್ತಾಳೆ. ಇನ್ನೂ ಆಮೇಲೆ ಅವನು ಆ ಪುಸ್ತಕವನ್ನು ಅವಳ ಕೈಗೆಟುಕುವ ಕಪಾಟಿನಲ್ಲೇ ಇಡಲು ಶುರುಮಾಡುತ್ತಾನೆ. ಯಾರೂ ಏನೂ ಹೇಳಿಲ್ಲ, ಕಥೆ ಮಾತ್ರ ಮೂರು ಹೆಜ್ಜೆ ಮುಂದೆ ಹೋಗಿದೆ. ವಾರಕ್ಕೊಂದರಂತೆ ಅಧ್ಯಾಯಗಳು ಬರುವ ಕಥೆಗಳಲ್ಲಿ ಓದುಗರು ಇಂಥ ಪುಟ್ಟ ಹೆಜ್ಜೆಗಳನ್ನು ಎಣಿಸುತ್ತ ಕಾಯುತ್ತಾರೆ.

ಪಾತ್ರಗಳನ್ನು ಅವರ ಲೋಕದಿಂದಲೇ ಕಿತ್ತು ಬೇರೊಂದರಲ್ಲಿ ನೆಡುವ ‘ಆಲ್ಟರ್ನೇಟ್ ಯೂನಿವರ್ಸ್’ ಕಥೆಗಳಿಗೆ ನಾನು ಬಹಳ ದಿನ ಒಲಿದಿರಲಿಲ್ಲ. ರಾಜಕುಮಾರನನ್ನು ಕಾಫಿ ಅಂಗಡಿಯಲ್ಲಿ ನಿಲ್ಲಿಸಿದರೆ ಉಳಿಯುವುದೇನು ಎಂದು ಕೇಳಿಕೊಳ್ಳುತ್ತಿದ್ದೆ. ಉತ್ತರ ಇರುವುದು ಆ ಪ್ರಶ್ನೆಯಲ್ಲೇ. ಕಿರೀಟ, ಖಡ್ಗ, ಶಾಪ, ಭವಿಷ್ಯವಾಣಿ ಇವನ್ನೆಲ್ಲ ಕಳಚಿದ ಮೇಲೂ ಅವನು ಅವನೇ ಆಗಿ ಉಳಿಯುತ್ತಾನೆಯೇ ಎಂಬ ಪರೀಕ್ಷೆ ಅದು. ರಾಜ್ಯದ ಹೊಣೆ ಹೊತ್ತವನು ಅಂಗಡಿಯಲ್ಲೂ ಎಲ್ಲರಿಗಿಂತ ಕೊನೆಗೆ ಮನೆಗೆ ಹೋಗುವವನಾಗಿದ್ದರೆ, ಬೇರೆಯವರ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುವವನಾಗಿದ್ದರೆ, ಪರೀಕ್ಷೆ ಗೆದ್ದಂತೆ. ಬರೀ ಹೆಸರುಗಳಷ್ಟೇ ಉಳಿದುಕೊಂಡ ಕಥೆಗಳೂ ಬೇಕಾದಷ್ಟಿವೆ, ಅವನ್ನು ಓದುಗರು ಬೇಗ ಮರೆಯುತ್ತಾರೆ.

ಲೇಖಕರೇ ಸೃಷ್ಟಿಸಿದ ಹೊಸ ಪಾತ್ರಗಳ ವಿಚಾರದಲ್ಲಿ ಓದುಗರು ಅಗತ್ಯಕ್ಕಿಂತ ಕಠಿಣರೆಂದು ನನಗನ್ನಿಸುತ್ತದೆ. 1973ರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿ ಪೌಲಾ ಸ್ಮಿತ್ ಒಂದು ಫ್ಯಾನ್‌ಜೀನ್‌ನಲ್ಲಿ ಇಂಥ ಪಾತ್ರಗಳನ್ನು ಕುರಿತು ಪುಟ್ಟದೊಂದು ವಿಡಂಬನೆ ಬರೆದರು. ಅದರ ನಾಯಕಿ, ಎಲ್ಲರ ಮೆಚ್ಚುಗೆ ಗಳಿಸುವ ಹದಿಹರೆಯದ ಲೆಫ್ಟಿನೆಂಟ್ ಮೇರಿ ಸ್ಯೂ, ತನ್ನ ಹೆಸರನ್ನೇ ಒಂದು ಬಿರುದಾಗಿ ಬಿಟ್ಟುಹೋದಳು. ಅಂದಿನಿಂದ ಜಾಣೆಯೂ ಧೀರೆಯೂ ಆದ ಹೊಸ ಹುಡುಗಿಯೊಬ್ಬಳು ಕಥೆಯೊಳಗೆ ಕಾಲಿಟ್ಟರೆ ಸಾಕು, ಆ ಬಿರುದನ್ನು ಅಂಟಿಸುವವರಿದ್ದಾರೆ. ತೊಂದರೆ ಇರುವುದು ಅವಳ ಜಾಣತನದಲ್ಲಲ್ಲ. ಅವಳು ಬಂದ ಕೂಡಲೇ ಮೂಲದ ಪಾತ್ರಗಳು ತಮ್ಮ ಬುದ್ಧಿ, ಹಟ, ಹಗೆ ಎಲ್ಲವನ್ನೂ ಮರೆತು ಅವಳನ್ನು ಹೊಗಳಲು ನಿಂತರೆ ಮಾತ್ರ ಓದುಗರಿಗೆ ಮೋಸವಾಗುತ್ತದೆ, ಏಕೆಂದರೆ ಅವರು ಬಂದದ್ದು ಆ ಪಾತ್ರಗಳಿಗಾಗಿ. ಅವರ ಹಟಕ್ಕೆ ಎದುರು ನಿಂತು ಸೋಲುತ್ತ ಗೆಲ್ಲುತ್ತ ಹೋಗುವ ಹೊಸ ಪಾತ್ರವನ್ನು ಓದುಗರು ಮನಸಾರೆ ಒಪ್ಪಿಕೊಳ್ಳುವುದನ್ನೂ ನಾನು ನೋಡಿದ್ದೇನೆ.

ಸತ್ತವರನ್ನು ಬದುಕಿಸುವ, ಮೂಲದ ಅನ್ಯಾಯವನ್ನು ಸರಿಪಡಿಸುವ ‘ಫಿಕ್ಸ್-ಇಟ್’ ಕಥೆಗಳ ಆಸೆ ಹಳೆಯದು. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೊಂದರು, ಓದುಗರು ಆ ಸಾವನ್ನು ಒಪ್ಪಲಿಲ್ಲ, 1903ರಲ್ಲಿ ಅವನು ಬದುಕಿಯೇ ಇದ್ದನೆಂದು ಬರೆದು ಡಾಯ್ಲ್ ಅವರೇ ಮರಳಿ ಕರೆತರಬೇಕಾಯಿತು. ಅಲ್ಲಿ ನನ್ನ ಮನಸ್ಸು ನಿಲ್ಲುವುದು ವಾಟ್ಸನ್ ಮೇಲೆ: ಗೆಳೆಯ ಸತ್ತನೆಂದು ನಂಬಿ ವರ್ಷಗಳನ್ನು ಕಳೆದವನಿಗೆ ಅವನು ಎದುರಿಗೆ ಬಂದು ನಿಂತಾಗ ಸಂತೋಷದ ಜೊತೆಗೆ ಸಿಟ್ಟೂ ಬರಬೇಕಲ್ಲವೇ? ಒಳ್ಳೆಯ ಫಿಕ್ಸ್-ಇಟ್ ಕಥೆ ಸಾವನ್ನು ಅಳಿಸುತ್ತದೆ, ಆದರೆ ಆ ಸಾವು ಉಳಿದವರಲ್ಲಿ ಮಾಡಿದ ಬದಲಾವಣೆಯನ್ನು ಅಳಿಸುವುದಿಲ್ಲ. ಮರಳಿ ಬಂದವನಿಗೆ ತನ್ನ ಜಾಗದಲ್ಲಿ ಬೇರೊಬ್ಬರು ಕೂತಿರುವುದು ಕಾಣಬೇಕು.

ಭಾಷೆ ಸೊಗಸಾಗಿರಬೇಕೆಂದು ಹೇಳುವ ಅಗತ್ಯವಿಲ್ಲವಾದರೂ, ಸೊಗಸಿಗಿಂತ ಅಳತೆಯೇ ಮುಖ್ಯವೆಂದು ನೂರು ಪದಗಳ ‘ಡ್ರ್ಯಾಬಲ್’ಗಳು ತೋರಿಸಿಕೊಡುತ್ತವೆ. ಪಾತ್ರಗಳ ಪರಿಚಯ ಬೇಡವಾದ್ದರಿಂದಲೇ ನೂರು ಪದಗಳಲ್ಲಿ ಒಂದು ಪೂರ್ತಿ ಕಥೆ ಹಿಡಿಸುತ್ತದೆ. ಹೊರಗಿನವರಿಗೆ ಅದು ಅರ್ಥವಿಲ್ಲದ ಚೂರು, ಬಲ್ಲವರಿಗೆ ಎದೆ ಹಿಂಡುವಷ್ಟು ತುಂಬಿದ ಬರಹ. ಪ್ರಕಟಿಸುವ ಮುನ್ನ ಕಥೆಯನ್ನು ಓದಿಕೊಡುವ ಬೀಟಾ ರೀಡರ್‌ಗಳ ಶ್ರಮ ಹೆಚ್ಚಾಗಿ ಫಲ ಕೊಡುವುದೂ ಇಲ್ಲೇ. ಕಾಗುಣಿತ ತಿದ್ದುವುದು ಅವರ ಕೆಲಸದ ಚಿಕ್ಕ ಭಾಗ. ‘ಇಷ್ಟು ವಿವರಿಸಬೇಡಿ, ನಮಗೆ ಇವನು ಗೊತ್ತು’ ಎಂದು ಹೇಳುವುದು ದೊಡ್ಡ ಭಾಗ.

ಅಂತ್ಯದ ವಿಷಯದಲ್ಲಿ ನನ್ನ ಅಭಿಪ್ರಾಯ ಬಹಳ ಓದುಗರ ಅಭಿಪ್ರಾಯಕ್ಕಿಂತ ಸ್ವಲ್ಪ ಬೇರೆ. ಮದುವೆ, ಮಕ್ಕಳು, ಹತ್ತು ವರ್ಷಗಳ ನಂತರದ ಹಬ್ಬದೂಟ ಎಂದು ಎರಡೆರಡು ಉಪಸಂಹಾರ ಬರೆಯುವ ಲೇಖಕರಿಗೆ ಮೆಚ್ಚುಗೆ ಧಾರಾಳವಾಗಿಯೇ ಸಿಗುತ್ತದೆ, ಅಷ್ಟು ಕಷ್ಟಪಟ್ಟ ಪಾತ್ರಗಳಿಗೆ ಅಷ್ಟು ಸುಖ ಸಿಗಲೆಂಬ ಹಾರೈಕೆ ನನಗೂ ಅರ್ಥವಾಗುತ್ತದೆ. ಆದರೂ ನಾನು ಮತ್ತೆ ಮತ್ತೆ ತೆರೆದು ಓದುವುದು, ಜಗಳ ತೀರಿದ ಆ ಇಬ್ಬರು ಇನ್ನೊಂದು ಚಿಕ್ಕ ವಿಷಯಕ್ಕೆ ವಾದ ಶುರುಮಾಡಿದ ಹೊತ್ತಿಗೇ ಮುಗಿದುಬಿಡುವ ಕಥೆಗಳನ್ನು. ಅವರು ಮುಂದೆ ಏನೆಂದು ವಾದಿಸುತ್ತಾರೆಂಬುದು ಓದುಗರಿಗೆ ಅಷ್ಟರಲ್ಲಾಗಲೇ ಗೊತ್ತಿರುತ್ತದೆ, ಅದನ್ನು ಬರೆಯಬೇಕಾದ ಕೆಲಸ ಲೇಖಕರಿಗೆ ಉಳಿದಿರುವುದಿಲ್ಲ.