ಗೀತಾ ಜಯಂತಿಗೆ ಲಂಡನ್ನಲ್ಲಿ ಕೈ ಚಾಚಿದ್ದು

ಪುರಂದರದಾಸರ ಮೂಗುತಿ ಕಥೆ ನಮಗೆಲ್ಲ ಗೊತ್ತಿರೋದೇ. ಚಿಕ್ಕವನಿದ್ದಾಗ ಅಮ್ಮ ಹೇಳಿದಾಗೆಲ್ಲ ನಂಗೆ ಅನಿಸ್ತಿದ್ದಿದ್ದು ಒಂದೇ, ಅಬ್ಬಾ ಅಷ್ಟು ಆಸ್ತಿ ಹೇಗಪ್ಪಾ ಬಿಟ್ರು ಅಂತ. ಈಗ ಯೋಚ್ನೆ ಮಾಡಿದ್ರೆ ಅದು ಅಷ್ಟೇನೂ ಕಷ್ಟ ಇರ್ಲಿಲ್ವೇನೋ ಅನ್ಸತ್ತೆ. ಒಂದು ದಿನ ಮನಸ್ಸು ಗಟ್ಟಿ ಮಾಡ್ಕೊಂಡು ಎಲ್ಲ ದಾನ ಕೊಟ್ಬಿಡಬಹುದು. ಆದ್ರೆ ಮಾರನೇ ದಿನ ಎದ್ದು, ಗೆಜ್ಜೆ ಕಟ್ಟಿ ತಂಬೂರಿ ಹಿಡಿದು, ಸಾಲ ಕೊಡ್ತಿದ್ದ ಅದೇ ಕೈ ಚಾಚಿ ಯಾರದೋ ಮನೆ ಬಾಗಿಲಲ್ಲಿ ನಿಲ್ಲೋದಿದ್ಯಲ್ಲ, ಅದು ಕಷ್ಟ. ನಂಗಿದು ತಲೆಗೆ ಹೋಗಿದ್ದು ಲಂಡನ್ನಿಗೆ ಬಂದು ಬೀದಿಲಿ ನಿಂತ ಮೇಲೇನೇ.

ನಾನಿರೋದು ಸೋಹೋ ಸ್ಟ್ರೀಟಿನ ರಾಧಾಕೃಷ್ಣ ದೇವಸ್ಥಾನದಲ್ಲಿ, ಇಸ್ಕಾನ್ ಬ್ರಹ್ಮಚಾರಿ. ವಯಸ್ಸು ಇಪ್ಪತ್ನಾಲ್ಕು. ರಿಲಿಜಸ್ ವರ್ಕರ್ ವೀಸಾ ಅಂತ ಒಂದಿದೆ, ಹೆಚ್ಚಂದ್ರೆ ಎರಡು ವರ್ಷ, ನಂದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗೀತು. ಸೋಹೋ ಸ್ಟ್ರೀಟ್ ಅಂದ್ರೆ ಬೀದಿ ಅನ್ನೋಕೂ ಆಗದಷ್ಟು ಗಿಡ್ಡ, ಒಂದು ತುದಿಗೆ ಆಕ್ಸ್‌ಫರ್ಡ್ ಸ್ಟ್ರೀಟು, ಇನ್ನೊಂದು ತುದಿಗೆ ಸೋಹೋ ಸ್ಕ್ವೇರು, ಸುತ್ತಮುತ್ತ ಎಲ್ಲ ಪಬ್ಬು ಕ್ಲಬ್ಬು. ಬೆಳಗಿನ ಜಾವ ಮೂರೂವರೆಗೆ ಅಲಾರಂ ಹೊಡ್ಕೊಂಡಾಗ ಕೆಳಗೆ ಬೀದಿಲಿ ಹಿಂದಿನ ರಾತ್ರಿ ಜನ ಇನ್ನೂ ಹಾಡ್ಕೊಂಡು ಮನೆಗೆ ಹೋಗ್ತಿರ್ತಾರೆ. ಎಲ್ಲರಿಗೂ ರಾತ್ರಿ ಆಗಿರೋದು ಸಂಯಮಿಗೆ ಹಗಲು ಅಂತ ಎರಡನೇ ಅಧ್ಯಾಯದಲ್ಲಿ ಕೃಷ್ಣ ಹೇಳ್ತಾನಲ್ಲ, ಅವನು ಹೇಳಿದ್ದು ಇದನ್ನಲ್ಲ ಅಂತ ಗೊತ್ತು, ಆದ್ರೂ ನೆಲದ ಮೇಲಿನ ಸ್ಲೀಪಿಂಗ್ ಬ್ಯಾಗ್ ಸುತ್ತಿಡುವಾಗ ದಿನಾ ನಗು ಬರತ್ತೆ.

ಸ್ನಾನಕ್ಕೆ ಕ್ಯೂ, ಗೋಪಿಚಂದನ, ನಾಲ್ಕೂವರೆಗೆ ಮಂಗಳಾರತಿ, ತುಳಸಿ ಪೂಜೆ, ಆಮೇಲೆ ಜಪ. ದಿನಕ್ಕೆ ಹದಿನಾರು ಮಾಲೆ, ಮಾಲೆಗೆ 108 ಮಣಿ, ಅಂದ್ರೆ 1728 ಸಲ ಹರೇ ಕೃಷ್ಣ ಮಹಾಮಂತ್ರ, ಸುಮಾರು ಎರಡು ಗಂಟೆ ಹಿಡಿಯತ್ತೆ. ನಿದ್ದೆ ತೂಗಿದ್ರೆ ಇನ್ನೂ ಜಾಸ್ತಿ. ಬ್ರಾಹ್ಮೀ ಮುಹೂರ್ತದ ಲೆಕ್ಕ ಇಲ್ಲಿ ವಿಚಿತ್ರ. ಜೂನಲ್ಲಿ ನಾಲ್ಕೂಮುಕ್ಕಾಲಿಗೆಲ್ಲ ಸೂರ್ಯ ಹುಟ್ಟಿಬಿಡ್ತಾನೆ, ಡಿಸೆಂಬರಲ್ಲಿ ಎಂಟಾಗತ್ತೆ, ಮತ್ತೆ ನಾಲ್ಕಕ್ಕೆ ಮೊದಲೇ ಮುಳುಗಿಬಿಡ್ತಾನೆ. ಆರತಿ ಮಾತ್ರ ವರ್ಷವಿಡೀ ಗಡಿಯಾರ ನೋಡ್ಕೊಂಡು ನಾಲ್ಕೂವರೆಗೇ. ಮೊದಮೊದಲು ಇದು ಸರಿನಾ ಅಂತ ತಲೆ ಕೆಡಿಸ್ಕೊಂಡಿದ್ದೆ, ಈಗ ಬಿಟ್ಟಿದೀನಿ. ಪರದೆ ಸರಿದು ರಾಧಾ ಲಂಡನೀಶ್ವರ ಕಣ್ಣೆದುರು ನಿಂತಾಗ ಹೊರಗೆ ಬೆಳಕಿದ್ಯೋ ಇಲ್ವೋ ಅಂತ ಯಾರು ನೋಡ್ತಾರೆ?

ಲಂಡನೀಶ್ವರ ಅನ್ನೋ ಹೆಸರು ಕೇಳಿ ಅಮ್ಮ ಮೊದಲು ತಮಾಷೆ ಅಂದ್ಕೊಂಡಿದ್ಲು. ತಮಾಷೆ ಅಲ್ಲ, ಇಸ್ಕಾನ್ ಶುರು ಮಾಡಿದ ಪ್ರಭುಪಾದರೇ ಇಟ್ಟಿದ್ದು, ಪ್ರತಿಷ್ಠೆ ಆಗಿದ್ದು 1969ರ ಡಿಸೆಂಬರಲ್ಲಿ, ಬೆರಿ ಪ್ಲೇಸ್ ಅನ್ನೋ ಬೀದಿಯ ಹಳೇ ದೇವಸ್ಥಾನದಲ್ಲಿ. ಅದಕ್ಕೆ ಹಿಂದಿನ ವರ್ಷ ಇಲ್ಲಿಗೆ ಬಂದವರು ಆರೇ ಜನ, ಅಮೆರಿಕದವರು, ಮೂರು ಜೋಡಿ, ಹೆಚ್ಚುಕಮ್ಮಿ ನನ್ನ ವಯಸ್ಸಿನವರೇ, ಒಂದು ಜೋಡಿ ಹತ್ರ ಕೈಕೂಸು ಬೇರೆ. ಕಾಸಿಲ್ಲ, ಗುರುತು ಪರಿಚಯ ಇಲ್ಲ, ಗೋದಾಮಲ್ಲೂ ಇದ್ದು ಸೇವೆ ಮಾಡಿದ್ರು. ಅವರನ್ನ ಕಳಿಸಿದ ಪ್ರಭುಪಾದರು ತಾವು 1965ರಲ್ಲಿ ಕೋಲ್ಕತ್ತಾದಿಂದ ಅಮೆರಿಕಕ್ಕೆ ಜಲದೂತ ಅನ್ನೋ ಸರಕಿನ ಹಡಗಲ್ಲಿ ಹೊರಟಾಗ ಅವರಿಗೆ ಇನ್ನೇನು 69 ತುಂಬೋದ್ರಲ್ಲಿತ್ತು, ದಾರಿಲಿ ಎರಡು ಸಲ ಹಾರ್ಟ್ ಅಟ್ಯಾಕ್, ಜೇಬಲ್ಲಿ ಅಲ್ಲಿ ನಡೀದೇ ಇರೋ ನಲವತ್ತು ರೂಪಾಯಿ. ನಂಗೆ ಇಪ್ಪತ್ನಾಲ್ಕಕ್ಕೇ ಕಾಲು ನೋವು.

ಡಿಸೆಂಬರ್ ಅಂದ್ರೆ ನಮಗೆ ಮ್ಯಾರಥಾನ್. ಓಟ ಅಲ್ಲ, ತಿಂಗಳಿಡೀ ಬೀದಿಲಿ ನಿಂತು ಪುಸ್ತಕ ಹಂಚೋದು, ಅದ್ರಲ್ಲೂ ಗೀತೆ. ಮಾರ್ಗಶಿರ ಶುದ್ಧ ಏಕಾದಶಿ, ಮೋಕ್ಷದಾ ಏಕಾದಶಿ, ಅವತ್ತೇ ಗೀತಾ ಜಯಂತಿ ಬರೋದರಿಂದ ಆ ದಿನಕ್ಕೆ ಎಲ್ಲರೂ ಒಂದೊಂದು ಸಂಕಲ್ಪ ಮಾಡ್ತಾರೆ. ನಾನೂ ಮಾಡಿದ್ದೆ, ಉಪವಾಸ ಇದ್ದು 18 ಗೀತೆ ಕೊಡ್ತೀನಿ, ಅಧ್ಯಾಯಕ್ಕೊಂದು ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ, ಅಹಂಕಾರ ಅದ್ರಲ್ಲೇ ಕೂತಿತ್ತು.

ಟ್ಯೂಬ್ ಅಂದ್ರೆ ಇಲ್ಲಿನ ನೆಲದಡಿ ರೈಲು, ಅದರ ಸ್ಟೇಷನ್ ಬಾಯಲ್ಲಿ ನಿಂತೆ. ಒಂದು ಕೈಲಿ ಪುಸ್ತಕ, ಇನ್ನೊಂದು ಕೈ ಜಪದ ಚೀಲದಲ್ಲಿ. ತೋರುಬೆರಳು ಮಣಿಗೆ ತಾಕಬಾರದು ಅಂತ ಚೀಲಕ್ಕೆ ಒಂದು ತೂತು ಇರತ್ತಲ್ಲ, ಚಳಿಗಾಲದಲ್ಲಿ ಆ ಬೆರಳೊಂದೇ ಹೊರಗೆ ನಿಂತು ಮರಗಟ್ಟಿ ಹೋಗತ್ತೆ, ಅದಕ್ಕೆ ನಾನು ಹಳೇ ಗ್ಲೌಸಿನ ಒಂದು ಬೆರಳು ಕತ್ತರಿಸಿ ಟೋಪಿ ಥರ ಹಾಕಿರ್ತೀನಿ. ಎಕ್ಸ್‌ಕ್ಯೂಸ್ ಮಿ ಅಂದ್ರೆ ಯಾರೂ ನಿಲ್ಲಲ್ಲ. ಬೈದ್ರೆ ಪರವಾಗಿಲ್ಲ, ಬೈಯೋಕಾದ್ರೂ ಮುಖ ನೋಡ್ತಾರೆ. ಇವರು ಕಂಬ ಬಳಸಿ ಹೋಗೋ ಹಾಗೆ ನನ್ನ ಬಳಸ್ಕೊಂಡು ಹೋಗ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ನನ್ನ ಲೆಕ್ಕ ಎರಡು. ಹತ್ತಿರದ ಅಂಗಡಿ ಸೆಕ್ಯುರಿಟಿಯವನು ಬೇರೆ ಬಂದು, ಬಾಗಿಲಿಂದ ದೂರ ಹೋಗು ಅಂತ ಎಲ್ಲರೆದುರು ಗದರಿದ, ನಾನು ಬಾಗಿಲಲ್ಲಿ ಇರ್ಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಚಳಿಗೆ ಬಂತು ಅಂತ ಹೇಳ್ಕೊಂಡೆ.

ಗೋಡೆಗೊರಗಿ ಕಂಬಳಿ ಹೊದ್ದು ಒಬ್ಬ ಕೂತಿದ್ದ, ಎದುರಿಗೆ ಪೇಪರ್ ಕಪ್ಪು, ಅದ್ರಲ್ಲಿ ಒಂದಷ್ಟು ಚಿಲ್ಲರೆ. ಮನೆ ಇಲ್ಲದವನು, ಐವತ್ತರ ಮೇಲಿರಬಹುದು. ಬೆಳಿಗ್ಗೆಯಿಂದ ನನ್ನನ್ನೇ ನೋಡ್ತಿದ್ದನಂತೆ.

"ಎಷ್ಟಾಯ್ತು?" ಅಂದ.

"ಎರಡು."

"ನಂದೇ ವಾಸಿ" ಅಂತ ಕಪ್ ಅಲ್ಲಾಡಿಸಿದ. ಆಮೇಲೆ ಪಾಠ ಶುರು ಮಾಡಿದ. ನೀನು ನಿಂತಿರೋ ಜಾಗವೇ ಸರಿಯಿಲ್ಲ, ಮೆಟ್ಟಿಲು ಹತ್ತಿ ಬರೋರು ಓಡ್ತಿರ್ತಾರೆ, ಬಸ್ ಸ್ಟಾಪ್ ಹತ್ರ ನಿಲ್ಲು, ಅಲ್ಲಿ ಜನಕ್ಕೆ ಬೇರೆ ಕೆಲಸ ಇರಲ್ಲ. ಒಬ್ಬನ್ನ ಹಿಡ್ಕೊಂಡು ಐದು ನಿಮಿಷ ಕೊರೀಬೇಡ. ಸ್ವಲ್ಪ ಕೇಳು, ಇಲ್ಲ ಅಂದ್ರೆ ಬಿಡು, ಅವನು ನಾಳೆನೂ ಇದೇ ದಾರಿಲಿ ಬರ್ತಾನೆ. ಇನ್ನೊಂದು, ಇಲ್ಲ ಅಂದವನಿಗೂ ಥ್ಯಾಂಕ್ಸ್ ಹೇಳು, ಆದ್ರೆ ಚುಚ್ಚೋ ಥರ ಅಲ್ಲ, ನೀನು ಬೆಳಿಗ್ಗೆಯಿಂದ ಚುಚ್ಚೋ ಥರಾನೇ ಹೇಳ್ತಿದೀಯ.

ನಾನು ಸುಮ್ಮನೆ ನಿಂತೆ. ಹೂವಿಗೆ ನೋವಾಗದ ಹಾಗೆ ಒಂದೊಂದರಿಂದ ಒಂದೊಂದು ತೊಟ್ಟು ತಗೊಳ್ಳೋ ಜೇನು, ಅವಧೂತನ ಇಪ್ಪತ್ನಾಲ್ಕು ಗುರುಗಳಲ್ಲಿ ಅದೂ ಒಂದು ಅಂತ ಭಾಗವತದ ಕ್ಲಾಸಲ್ಲಿ ಎಷ್ಟು ಸಲ ಕೇಳಿದೀನೋ, ನೋಟ್ಸ್ ಬೇರೆ ಬರ್ಕೊಂಡಿದೀನಿ. ಮಧುಕರ ವೃತ್ತಿ ಅಂತ ನಮ್ಮ ದಾಸರು ಬದುಕಿದ್ದೂ ಅದನ್ನೇ. ಆ ಹೆಸರು ಒಂದು ದಿನವೂ ಕೇಳದೇ ಇರೋ ಮನುಷ್ಯ ಪೇಪರ್ ಕಪ್ ಮುಂದಿಟ್ಕೊಂಡು ನಂಗೆ ಬಿಡಿಸಿ ಬಿಡಿಸಿ ಹೇಳ್ತಿದ್ದ. ಚುಚ್ಚೋ ಥರ ಅಂದಿದ್ದು ಮಾತ್ರ ನೇರ ತಾಗ್ತು. ನಿಜ, ನಾನು ಹರೇ ಕೃಷ್ಣ ಅಂತಿದ್ದಿದ್ದೇ 'ನಿನಗೆ ಗೀತೆ ಬೇಡ್ವಾ, ಹಾಗಾದ್ರೆ ನಿನ್ನ ಕರ್ಮ' ಅನ್ನೋ ಧಾಟಿಲಿ.

ಗುರುದಕ್ಷಿಣೆಗೆ ಬ್ಯಾಗಲ್ಲಿದ್ದ ಡಬ್ಬಿ ಕೊಟ್ಟೆ. ಏಕಾದಶಿಗೆ ಧಾನ್ಯ ಬೇಳೆ ಇಲ್ಲ, ನಿಂತು ಕೆಲಸ ಮಾಡೋರಿಗೆ ಅಂತ ಸಾಬುದಾನಿ ಖಿಚಡಿ ಕಟ್ಟಿ ಕೊಟ್ಟಿದ್ರು, ನಾನು ಶೂರ, ಪೂರ್ತಿ ಉಪವಾಸ, ಹಾಗೇ ಉಳಿದಿತ್ತು. ಮುಚ್ಚಳ ತೆಗೆದು ಅನುಮಾನದಿಂದ ನೋಡಿದ. "ಮೀನಿನ ಮೊಟ್ಟೆನಾ?" ಅಲ್ಲ ಮಾರಾಯ, ಗೆಡ್ಡೆಯಿಂದ ಮಾಡಿದ್ದು ಅಂದೆ. ತಿಂದ. ಒಂದು ಕಾಳೂ ಬಿಡದೆ ತಿಂದ.

ಬಸ್ ಸ್ಟಾಪಿಗೆ ಹೋದೆ. ಕತ್ತಲಾಗೋವರೆಗೆ ಇನ್ನೂ ಐದು ಹೋಯ್ತು, ಒಟ್ಟು ಏಳು. ಏಳನೇದು ತಗೊಂಡ ಹುಡುಗಿ ಹತ್ರ ಕ್ಯಾಶ್ ಇರ್ಲಿಲ್ಲ, ನನ್ನ ಕಾರ್ಡ್ ಮೆಷಿನ್ ಚಳಿಗೆ ಸತ್ತಿತ್ತು, ಬಸ್ ಬಂತು, ಹಾಗೇ ಕೊಟ್ಟು ಕಳಿಸಿದೆ. ಏಳನೇ ಅಧ್ಯಾಯದವರೆಗಾದ್ರೂ ಬಂದ್ಯಲ್ಲ ಪ್ರಭು ಅಂತ ಜೊತೆಯವನು ರೇಗಿಸಿದ. ಸಂಜೆ ದೇವಸ್ಥಾನದಲ್ಲಿ ಏಳ್ನೂರು ಶ್ಲೋಕ ಪಾರಾಯಣ, ನಾನು ಕೂತಿದ್ದು ಹಿಂದಿನ ಸಾಲಲ್ಲಿ, ಹೀಟರ್ ಪಕ್ಕ. ಬೆರಳಿಗೆ ಬಿಸಿ ತಾಕಿ ಜುಮುಜುಮು ಅಂತಿತ್ತು. ಅರ್ಜುನ ಬಿಲ್ಲು ಕೆಳಗಿಟ್ಟು ಕೂರೋ ಶ್ಲೋಕ ಬಂದಾಗ, ಮಧ್ಯಾಹ್ನ ಗದರಿಸ್ಕೊಂಡು ನಾನೂ ಬ್ಯಾಗ್ ಕೆಳಗಿಟ್ಟಿದ್ದು ನೆನಪಾಯ್ತು. ಕೃಷ್ಣ ಅವನಿಗೆ ರಥದ ಮೇಲಿಂದ ಹೇಳಿದ, ನಂಗೆ ಫುಟ್‌ಪಾತ್ ಮೇಲಿಂದ ಹೇಳಿಸಿದ ಅಂದ್ಕೊಂಡೆ. ಆಮೇಲೆ ನಂಗೇ ನಾಚ್ಕೆ ಆಯ್ತು, ನೋಡಿ, ಎಲ್ಲಿಗೆ ಎಲ್ಲಿಯ ಹೋಲಿಕೆ.

ರಾತ್ರಿ ಎರಡು ಗಂಟೆಗೆ ಫೋನ್ ಮಿಣಮಿಣ ಅಂತು. ಅಮ್ಮನಿಗೆ ಅಲ್ಲಿ ಏಳೂವರೆ, ಆಗಲೇ ದ್ವಾದಶಿ ಪಾರಣೆ ಮುಗಿಸಿ ಮೆಸೇಜ್ ಹಾಕಿದ್ಲು, "ಪಾರಣೆ ಆಯ್ತೇನೋ ಮಗಾ, ಖಾಲಿ ಹೊಟ್ಟೇಲಿ ಹೊರಗೆ ಹೋಗ್ಬೇಡ ಕಣೋ" ಅಂತ. ನಂಗೆ ಪಾರಣೆಗೆ ಇನ್ನೂ ಆರು ಗಂಟೆ ಇತ್ತು. ಸೂರ್ಯ ಮೊದಲು ಅವಳ ಹತ್ರ ಹೋಗಿ ಆಮೇಲೆ ನನ್ನ ಹತ್ರ ಬರ್ತಾನೆ, ಏಕಾದಶಿ ಬಿಡೋದೂ ಅದೇ ಸರದೀಲಿ.

ಎಂಟು ದಾಟಿದ ಮೇಲೆ ಅನ್ನ ಸಾರು ಉಂಡು ಅದೇ ಜಾಗಕ್ಕೆ ಹೋದೆ. ಅವನೂ ಇದ್ದ. ಕಂಬಳಿಯಿಂದ ತಲೆ ಹೊರಗೆ ಹಾಕಿ, "ಇವತ್ತೂ ಆ ಮೀನಿನ ಮೊಟ್ಟೆ ತಂದಿದೀಯಾ?" ಅಂದ.

ಇಲ್ಲ, ಇವತ್ತು ದ್ವಾದಶಿ, ಅನ್ನ ತಂದಿದೀನಿ ಅಂತ ಡಬ್ಬಿ ಕೊಟ್ಟು ಬಸ್ ಸ್ಟಾಪ್ ಕಡೆ ನಡೆದೆ.