ಮೊಟ್ಟೆ ಅರ್ಧ ಬೇಯೋದು ದಾರಿಯಲ್ಲಿ

ನೇಪಲ್ಸ್‌ನ ಒಂದು ಟ್ರಾಟೋರಿಯಾದಲ್ಲಿ ನಾನು ಅಡುಗೆಯವನು. ಟ್ರಾಟೋರಿಯಾ ಅಂದರೆ ಮನೆಯವರೇ ನಡೆಸುವ, ಹತ್ತು-ಹನ್ನೆರಡು ಮೇಜಿನ ಊಟದ ಹೋಟೆಲು. ಮೀನು, ಪಾಸ್ತಾ ಎಲ್ಲ ಇದ್ದರೂ ಮಧ್ಯಾಹ್ನ ಹಳೇ ಗಿರಾಕಿಗಳು ಕೇಳುವುದು ನಮ್ಮಲ್ಲಿ ಅತಿ ಅಗ್ಗದ ಐಟಂ: ಉವೋವಾ ಇನ್ ಪುರ್ಗಾತೋರಿಯೋ. ಟೊಮೆಟೊ ಸಾಸ್‌ನಲ್ಲಿ ಒಡೆದು ಬಿಟ್ಟು ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ದಪ್ಪ ಸಿಪ್ಪೆಯ ಬ್ರೆಡ್. ಅಷ್ಟೇ.

ಹೆಸರಿನ ಅರ್ಥ ಪರ್ಗೆಟರಿಯಲ್ಲಿರುವ ಮೊಟ್ಟೆ. ಸತ್ತ ಆತ್ಮಗಳು ಸ್ವರ್ಗಕ್ಕೆ ಹೋಗುವ ಮುಂಚೆ ಬೆಂಕಿಯಲ್ಲಿ ಬೆಂದು ಶುದ್ಧವಾಗುವ ಜಾಗ ಅದು ಅಂತ ಕ್ಯಾಥೊಲಿಕರ ನಂಬಿಕೆ. ಕೆಂಪು ಸಾಸ್ ಬೆಂಕಿ, ಬಿಳಿ ಮೊಟ್ಟೆ ಆತ್ಮ. ಈ ಊರಿನವರಿಗೆ ಇದು ಬರೀ ತಮಾಷೆಯ ಹೆಸರಲ್ಲ. ವಿಯಾ ದೇಯಿ ತ್ರಿಬುನಾಲಿ ಅನ್ನುವ ಹಳೇ ಬೀದಿಯಲ್ಲಿ ಪರ್ಗೆಟರಿಯ ಆತ್ಮಗಳಿಗೇ ಅಂತ 17ನೇ ಶತಮಾನದಲ್ಲಿ ಕಟ್ಟಿದ ಚರ್ಚ್ ಇದೆ. ಹೊರಗೆ ಕಂಚಿನ ತಲೆಬುರುಡೆಗಳಿವೆ, ಜನ ಸವರಿ ಸವರಿ ಫಳಫಳ ಅನ್ನುತ್ತಿವೆ. ಕೆಳಗಿನ ನೆಲಮಾಳಿಗೆಯಲ್ಲಿ ಯಾರದೋ ಅನಾಥ ಬುರುಡೆಯನ್ನು ಆರಿಸಿಕೊಂಡು, ಒರೆಸಿ, ಹೂವಿಟ್ಟು, ಅದರ ಆತ್ಮಕ್ಕಾಗಿ ಪ್ರಾರ್ಥಿಸುವ ಪದ್ಧತಿ ಇಲ್ಲಿತ್ತು. 1969ರಲ್ಲಿ ಚರ್ಚಿನ ಹಿರಿಯರು ಅದನ್ನು ನಿಷೇಧಿಸಿದರು. ಆದರೂ ಹೂವಿಡುವವರು ಇಡುತ್ತಲೇ ಇದ್ದಾರೆ.

ಸರಿ, ಅಡುಗೆಮನೆಗೆ ಬರೋಣ. ಹೊಸದಾಗಿ ಸೇರಿದವರನ್ನು ನಮ್ಮ ಯಜಮಾನತಿ ಮೊದಲು ನಿಲ್ಲಿಸುವುದು ಈ ಮೊಟ್ಟೆಯ ಒಲೆ ಮುಂದೆ. ಅವರನ್ನು ಎಲ್ಲರೂ ಸಿನ್ಯೋರಾ ಅಂತಲೇ ಕರೆಯುತ್ತೇವೆ. ಪಾಸ್ತಾ ಕುದಿಸುವುದಕ್ಕೆ ಗಡಿಯಾರ ಸಾಕು. ಈ ಮೊಟ್ಟೆಗೆ ಅಡುಗೆಮನೆ ಮಾತ್ರ ಗೊತ್ತಿದ್ದರೆ ಸಾಲದು, ಹೊರಗಿನ ಹಾಲ್ ಕೂಡ ಗೊತ್ತಿರಬೇಕು. ನನ್ನ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು. ಅದನ್ನು ಹೇಳುವ ಮುಂಚೆ ಸಾಸ್ ವಿಷಯ ಮುಗಿಸಿಬಿಡುತ್ತೇನೆ.

ಸಾಸ್ ಬೆಳಿಗ್ಗೆಯೇ ಆಗುತ್ತದೆ. ಡಬ್ಬಿಯಲ್ಲಿ ಬರುವ ಸಿಪ್ಪೆ ತೆಗೆದ ಇಡೀ ಟೊಮೆಟೊ, ಇಲ್ಲಿಯ ಭಾಷೆಯಲ್ಲಿ ಪೆಲಾತಿ. ಪಾತ್ರೆಗೆ ಸುರಿದು ಕೈಯಲ್ಲೇ ಹಿಸುಕುತ್ತೇವೆ, ಮಿಕ್ಸಿ ಮುಟ್ಟಿಸುವುದಿಲ್ಲ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ, ಗಾಳಿ ಸೇರಿ ಬಣ್ಣವೂ ಮಂಕಾಗುತ್ತದೆ. ವೆಸೂವಿಯಸ್ ಬೆಟ್ಟದ ಆಚೆ, ಸಾರ್ನೋ ನದಿ ಬಯಲಿನ ಸಾನ್ ಮಾರ್ಜಾನೋ ಟೊಮೆಟೊಗೆ 1996ರಿಂದ ಐರೋಪ್ಯ ಒಕ್ಕೂಟದ ಡಿಒಪಿ ಗುರುತು ಇದೆ, ಅಂದರೆ ಆ ಜಾಗದ್ದೇ ಬೆಳೆ ಅನ್ನುವ ಖಾತ್ರಿ. ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಇದ್ದ ಹಾಗೆ. ಬೆಲೆಯೂ ಹಾಗೇ ಇದೆ. ದಿನದ ಮೊಟ್ಟೆಗೆ ಅದೇ ಬೇಕು ಅಂತೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತಿರುಳು ದಪ್ಪ ಇದ್ದು ನೀರು ಕಮ್ಮಿ ಇದ್ದರೆ ಯಾವುದಾದರೂ ನಡೆಯುತ್ತದೆ.

ತಣ್ಣಗಿನ ಆಲಿವ್ ಎಣ್ಣೆಯಲ್ಲೇ ಜಜ್ಜಿದ ಬೆಳ್ಳುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ನಮ್ಮ ಕೈ ಒಗ್ಗರಣೆಯ ಕೈ. ಎಣ್ಣೆ ಕಾದು ಚಟಪಟ ಅಂದ ಮೇಲೆ ಹಾಕುವ ಅಭ್ಯಾಸ, ಬೆಳ್ಳುಳ್ಳಿ ಕೆಂಪಗಾದರೇ ಸಮಾಧಾನ. ಇಲ್ಲಿ ಅದು ಹೊಂಬಣ್ಣಕ್ಕೆ ಬರುವಷ್ಟರಲ್ಲಿ ಟೊಮೆಟೊ ಬೀಳಬೇಕು. ಒಂದು ಒಣಮೆಣಸು, ಕೊನೆಗೆ ಬೇಸಿಲ್ ಎಲೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿ. ಈರುಳ್ಳಿಯೋ ಬೆಳ್ಳುಳ್ಳಿಯೋ ಅಂತ ಈ ಊರಲ್ಲಿ ಮನೆಮನೆಗೂ ಜಗಳ. ನಮ್ಮ ಸಿನ್ಯೋರಾ ಬೆಳ್ಳುಳ್ಳಿ ಪಕ್ಷ, ಅವರ ತಂಗಿ ಈರುಳ್ಳಿ ಪಕ್ಷ. ಇಬ್ಬರೂ ಅಡುಗೆಮನೆಯಲ್ಲಿದ್ದಾಗ ನಾನು ಸುಮ್ನೆ ತಲೆ ತಗ್ಗಿಸಿ ಪಾತ್ರೆ ಒರೆಸುತ್ತಿರುತ್ತೇನೆ.

ಇಪ್ಪತ್ತು ನಿಮಿಷ ಕುದಿಸಿದ ಮೇಲೆ ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆದು ನೋಡಬೇಕು. ಗೆರೆ ಒಂದು ಕ್ಷಣ ನಿಂತು, ಆಮೇಲೆ ನಿಧಾನಕ್ಕೆ ಮುಚ್ಚಿಕೊಂಡರೆ ಸಾಸ್ ಸರಿ ಇದೆ. ತಕ್ಷಣ ಮುಚ್ಚಿಕೊಂಡರೆ ತೆಳು, ಮೊಟ್ಟೆಯ ಬಿಳಿ ಅದರಲ್ಲಿ ಹರಡಿ ಚಿಂದಿ ಚಿಂದಿಯಾಗುತ್ತದೆ. ಮುಚ್ಚಿಕೊಳ್ಳದೇ ಇದ್ದರೆ ತೀರಾ ಗಟ್ಟಿ, ಮೊಟ್ಟೆ ಮೇಲೆ ಬೇಯುವಷ್ಟರಲ್ಲಿ ತಳ ಹಿಡಿಯುತ್ತದೆ.

ಇನ್ನು ಮೊಟ್ಟೆ. ಇಲ್ಲಿ ಪ್ರತಿ ಮೊಟ್ಟೆಯ ಮೇಲೂ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಅಂಕಿ ಕೋಳಿ ಹೇಗೆ ಬದುಕಿದೆ ಅಂತ ಹೇಳುತ್ತದೆ: 0 ಅಂದರೆ ಸಾವಯವ, 1 ಹೊರಗೆ ಓಡಾಡಿದ್ದು, 2 ಕೊಟ್ಟಿಗೆಯೊಳಗೆ ಬಿಟ್ಟದ್ದು, 3 ಪಂಜರದ್ದು. ನನಗೆ ಅದಕ್ಕಿಂತ ಮುಖ್ಯ ತಾರೀಖು. ಹಳೇ ಮೊಟ್ಟೆಯ ಬಿಳಿ ನೀರಾಗಿರುತ್ತದೆ, ಸಾಸ್‌ನಲ್ಲಿ ಒಂದು ಕಡೆ ನಿಲ್ಲುವುದೇ ಇಲ್ಲ. ನೇರವಾಗಿ ಪಾತ್ರೆಗೆ ಒಡೆಯುವುದೂ ಇಲ್ಲ. ಮೊದಲು ಚಿಕ್ಕ ಬಟ್ಟಲಿಗೆ, ಆಮೇಲೆ ಸೌಟಿನ ಬೆನ್ನಿನಿಂದ ಸಾಸ್‌ನಲ್ಲಿ ಒಂದು ಗುಳಿ ಮಾಡಿ, ಅದರೊಳಕ್ಕೆ ಜಾರಿಸಬೇಕು.

ನಿಜವಾದ ಕಷ್ಟ ಇಲ್ಲಿಂದ ಶುರು. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ, ಆದರೆ ಅದರಲ್ಲಿ ಅತಿ ಜಾಸ್ತಿ ಇರುವ ಪ್ರೋಟೀನು ಪೂರ್ತಿ ಕಟ್ಟಲು 80 ಡಿಗ್ರಿಯಾದರೂ ಬೇಕು. ಹಳದಿ 65ಕ್ಕೆ ಮಂದವಾಗಿ 70ಕ್ಕೆಲ್ಲ ಗಟ್ಟಿಯಾಗಿಬಿಡುತ್ತದೆ. ಅಂದರೆ ಬಿಳಿ ಚೆನ್ನಾಗಿ ಬೇಯುವ ಕಾವು ಹಳದಿಗೆ ಮುಟ್ಟಿದರೆ ಹಳದಿ ಕೆಟ್ಟಿತು. ಗಿರಾಕಿಗೆ ಬೇಕಿರುವುದೋ ಗಟ್ಟಿ ಬಿಳಿ, ಹರಿಯುವ ಹಳದಿ. ಬ್ರೆಡ್ಡಿನ ತುದಿ ಚುಚ್ಚಿದ ಕೂಡಲೇ ಹಳದಿ ಹೊರಗೆ ಬಂದು ಸಾಸ್ ಜೊತೆ ಸೇರಬೇಕು.

ಹಳದಿ ಮೇಲೆ ಕೂತಿರುತ್ತದೆ, ಕಾವು ಕೆಳಗಿನಿಂದ ಬರುತ್ತದೆ, ಅದೇ ನಮ್ಮ ಪುಣ್ಯ. ಬಿಸಿ ಸಾಸನ್ನು ಚಮಚದಲ್ಲಿ ತೆಗೆದು ಬಿಳಿಯ ಮೇಲೆ ಮಾತ್ರ ಎರೆಯುತ್ತೇನೆ. ಕೊನೆಗೆ ಒಂದು ನಿಮಿಷ ಓರೆಯಾಗಿ ಮುಚ್ಚಳ. ಪೂರ್ತಿ ಮುಚ್ಚಿದರೆ ಆವಿಗೆ ಹಳದಿಯ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ, ಮುಚ್ಚಳದ ನೀರು ಸಾಸ್‌ಗೂ ತೊಟ್ಟಿಕ್ಕುತ್ತದೆ. ನಾಲ್ಕೈದು ನಿಮಿಷದಲ್ಲಿ ಬಿಳಿಯ ಅಂಚು ಗಟ್ಟಿಯಾಗಿ, ಹಳದಿಯ ಸುತ್ತ ಬೆರಳಗಲದ ಬಳೆಯಷ್ಟು ಜಾಗ ಇನ್ನೂ ಅಲ್ಲಾಡುತ್ತಿರುತ್ತದೆ. ಆಗಲೇ ಇಳಿಸಬೇಕು.

'ಇನ್ನೂ ಹಸಿ ಇದೆಯಲ್ಲ ಸಿನ್ಯೋರಾ?' ಅಂತ ಹೊಸಬರೆಲ್ಲ ಕೇಳುತ್ತಾರೆ. ಅವರು ಉತ್ತರ ಕೊಡುವುದಿಲ್ಲ, ಹಾಲ್ ಕಡೆ ಗದ್ದ ಎತ್ತಿ ತೋರಿಸುತ್ತಾರೆ.

ನಾವು ಇದನ್ನು ಮಾಡುವುದೂ ಬಡಿಸುವುದೂ ಒಂದೇ ಚಿಕ್ಕ ಮಣ್ಣಿನ ಪಾತ್ರೆಯಲ್ಲಿ. ಒಲೆಯಿಂದ ಇಳಿಸಿದ ಮೇಲೂ ಮಣ್ಣಿನ ಪಾತ್ರೆಯಲ್ಲಿ ಸಾಸ್ ಕುದಿಯುತ್ತಲೇ ಇರುತ್ತದೆ. ಅಡುಗೆಮನೆಯಿಂದ ಹಾಲ್‌ಗೆ ಊಟ ದಾಟಿಸುವ ಪಾಸ್ ಕಟ್ಟೆಯ ಮೇಲೆ ಇಟ್ಟು, ವೇಟರ್ ಎತ್ತಿಕೊಂಡು, ಮೇಜಿಗೆ ಮುಟ್ಟಿಸಿ, ಗಿರಾಕಿ ಬ್ರೆಡ್ ಮುರಿಯುವಷ್ಟರಲ್ಲಿ ಆ ಅಲ್ಲಾಡುತ್ತಿದ್ದ ಬಳೆ ಕಟ್ಟಿಕೊಂಡಿರುತ್ತದೆ. ಒಲೆ ಮೇಲೇ ಸರಿಯಾಗಿ ಬೆಂದದ್ದು ಮೇಜಿಗೆ ಹೋಗುವಷ್ಟರಲ್ಲಿ ಜಾಸ್ತಿ ಬೆಂದಿರುತ್ತದೆ.

ಹಾಗಾಗಿ ಮೊಟ್ಟೆ ಯಾವಾಗ ಒಡೆಯಬೇಕು ಅನ್ನುವುದನ್ನು ಆರ್ಡರ್ ಚೀಟಿ ತೀರ್ಮಾನಿಸುವುದಿಲ್ಲ. ಮೇಜಿಗೆ ಬ್ರೆಡ್ ಹೋಯಿತಾ, ಗಿರಾಕಿ ಕೂತಿದ್ದಾರಾ ಇಲ್ಲ ಫೋನ್ ಹಿಡಿದು ಹೊರಗೆ ಹೋಗಿದ್ದಾರಾ, ವೇಟರ್ ಕೈ ಖಾಲಿ ಇದೆಯಾ, ಇಷ್ಟು ಗೊತ್ತಾಗಬೇಕು. ಬೀದಿಯ ಮೇಜಿಗೆ ಹೋಗುವುದಾದರೆ, ಅದರಲ್ಲೂ ಚಳಿಗಾಲದಲ್ಲಿ, ಸ್ವಲ್ಪ ಹೊತ್ತು ಹೆಚ್ಚಿಗೆ ಒಲೆ ಮೇಲಿಡುತ್ತೇನೆ. ಒಳಗಿನ ಮೇಜಿಗೆ ಬೇಗ ಇಳಿಸುತ್ತೇನೆ. ನಮ್ಮಲ್ಲಿ ನಿಯಮ ಒಂದೇ: ಪಾತ್ರೆ ಕಟ್ಟೆಗೆ ಬರುವ ಮೊದಲು ವೇಟರ್ ಕಟ್ಟೆಗೆ ಬಂದಿರಬೇಕು.

ಶನಿವಾರ ಮಧ್ಯಾಹ್ನ ಇದು ಸುಲಭ ಅಲ್ಲ. ಪಾತ್ರೆ ತೊಳೆಯುವ ಕಡೆ ಶ್ರೀಲಂಕಾದ ಹಿರಿಯರೊಬ್ಬರಿದ್ದಾರೆ. ಈ ಊರಲ್ಲಿ ಲಂಕಾದವರು ಬಹಳ. ನನ್ನನ್ನು 'ಮಲ್ಲಿ' ಅನ್ನುತ್ತಾರೆ, ಸಿಂಹಳದಲ್ಲಿ ತಮ್ಮ ಅಂತ. ಅವರು ನಿಲ್ಲುವ ಜಾಗದಿಂದ ಹಾಲ್ ಪೂರ್ತಿ ಕಾಣುತ್ತದೆ, ನನ್ನ ಒಲೆಯಿಂದ ಕಾಣುವುದಿಲ್ಲ. 'ಮಲ್ಲಿ, ಬ್ರೆಡ್ ಹೋಯಿತು' ಅಂತ ಅವರು ಕೂಗಿದ ಮೇಲೇ ನಾನು ಬಟ್ಟಲು ಬಗ್ಗಿಸುವುದು. ಇದು ಯಾವ ಕೆಲಸದ ಪಟ್ಟಿಯಲ್ಲೂ ಬರೆದಿಲ್ಲ. ಸಂಬಳ ಬರುವುದು ಪಾತ್ರೆ ತೊಳೆದದ್ದಕ್ಕೆ, ಆದರೆ ನಮ್ಮ ಮೊಟ್ಟೆ ಸರಿಯಾಗಿ ಬೇಯುವುದರಲ್ಲಿ ಅವರ ಪಾಲೂ ಇದೆ. ಹೊಸ ಅಡುಗೆಯವರು ಬಂದರೆ ಮೊದಲು ಅವರ ಪರಿಚಯ ಮಾಡಿಸುತ್ತೇನೆ, ಆಮೇಲೆ ಒಲೆಯದ್ದು.

ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಕೇಳಿದರೆ ಹಳದಿಯನ್ನೂ ಗಟ್ಟಿಯಾಗಿ ಬೇಯಿಸುತ್ತೇವೆ. ಸಾಲ್ಮೊನೆಲ್ಲಾ ಅನ್ನುವ, ಹಸಿ ಮೊಟ್ಟೆಯಲ್ಲಿರಬಹುದಾದ ರೋಗಾಣುವಿನ ವಿಷಯದಲ್ಲಿ ರುಚಿಯ ವಾದ ಇಲ್ಲ.

ಊರಿನ ಗೆಳೆಯರು ಮನೆಯಲ್ಲಿ ಮಾಡುವುದು ಹೇಗೆ ಅಂತ ಕೇಳುತ್ತಿರುತ್ತಾರೆ. ನಾಟಿ ಟೊಮೆಟೊ ಹುಳಿ ಜಾಸ್ತಿ, ರಸವೂ ಜಾಸ್ತಿ. ಅದನ್ನೇ ಹಾಕಿದರೆ ಇನ್ನೊಂದಿಷ್ಟು ಹೊತ್ತು ಕುದಿಸಿ, ಚಿಟಿಕೆ ಸಕ್ಕರೆ ಹಾಕಿ. ಕಬ್ಬಿಣದ ಬಾಣಲೆ ಬೇಡ, ಹುಳಿಗೆ ಕಬ್ಬಿಣದ ರುಚಿ ಬಿಡುತ್ತದೆ. ತೆಳು ಸ್ಟೀಲ್ ಪಾತ್ರೆ ಬೇಗ ಆರುತ್ತದೆ, ಅದರಲ್ಲಿ ಮಾಡಿದರೆ ಒಲೆ ಮೇಲೇ ಹೆಚ್ಚುಕಮ್ಮಿ ಪೂರ್ತಿ ಬೇಯಿಸಬೇಕು. ದಪ್ಪ ತಳದ್ದೋ ಮಣ್ಣಿನದೋ ಆದರೆ ಬೇಗ ಇಳಿಸಿ. ಫ್ರಿಜ್ಜಿನಿಂದ ಮೊಟ್ಟೆಯನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ, ಇಲ್ಲದಿದ್ದರೆ ಸಾಸ್ ಕುದಿ ನಿಂತುಹೋಗುತ್ತದೆ. ಮತ್ತೆ, ಎಲ್ಲರನ್ನೂ ತಟ್ಟೆ ಮುಂದೆ ಕೂರಿಸಿದ ಮೇಲೇ ಮೊಟ್ಟೆ ಒಡೆಯಿರಿ. 'ಬಂದೆ, ಎರಡೇ ನಿಮಿಷ' ಅಂತ ಸ್ನಾನಕ್ಕೆ ಹೋದವರಿಗೆ ಆಮ್ಲೆಟ್ ಹಾಕಿಕೊಟ್ಟರೆ ಸಾಕು.